ಆಕಾಶದಲ್ಲಿ ರಾಜನ ಮುಖ

— ಕತ್ತಿ, ಮಂತ್ರ, ರಾಕ್ಷಸರ ಮಾತು ಆಮೇಲೆ. ಈ ಆಟದಲ್ಲಿ ಕಥೆ ಅಂತ ಏನು ನಡೆಯುತ್ತದೆ? ಅದನ್ನು ಮೊದಲು ಹೇಳು.

— ಚುನಾವಣೆ ನಡೆಯುತ್ತದೆ ಚಿಕ್ಕಮ್ಮ.

— ಚುನಾವಣೆಯೇ? ಜಪಾನಿನವರು ಮಾಡಿದ ಫ್ಯಾಂಟಸಿ ಆಟದಲ್ಲಿ?

— ಅದಕ್ಕೇ ನಿಮ್ಮ ಹತ್ತಿರ ಬಂದದ್ದು. ನೀವು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವರು. ಇದರಲ್ಲಿ ನಿಮಗೆ ಗುರುತು ಸಿಗುವ ಸಂಗತಿ ಬಹಳ ಇದೆ. ಆಟದ ಹೆಸರು ‘ಮೆಟಾಫರ್: ರೀಫ್ಯಾಂಟಾಜಿಯೊ’. ಟೋಕಿಯೊದ ಅಟ್ಲಸ್ ಕಂಪನಿಯದು, 2024ರ ಅಕ್ಟೋಬರ್ 11ಕ್ಕೆ ಬಂತು. ಕಥೆ ನಡೆಯುವುದು ಯೂಕ್ರೋನಿಯಾ ಅನ್ನುವ ರಾಜ್ಯದಲ್ಲಿ. ಆಟದ ಆರಂಭಕ್ಕೇ ರಾಜನ ಕೊಲೆಯಾಗುತ್ತದೆ. ಯುವರಾಜ ಆಗಲೇ ಸತ್ತಿದ್ದಾನೆ ಅಂತ ಜನ ನಂಬಿದ್ದಾರೆ. ನಿಜಕ್ಕೂ ಅವನು ಶಾಪ ತಗುಲಿ, ಎಚ್ಚರವಿಲ್ಲದೆ, ಗುಟ್ಟಾದ ಒಂದು ಹಳ್ಳಿಯಲ್ಲಿ ಮಲಗಿದ್ದಾನೆ. ರಾಜನ ಅಂತ್ಯಕ್ರಿಯೆಗೆ ಜನ ಸೇರಿರುವಾಗ ಸತ್ತವನ ಮಂತ್ರಶಕ್ತಿ ಎಚ್ಚೆತ್ತು, ಅವನ ಮುಖವನ್ನೇ ಹೊತ್ತ ಬೆಟ್ಟದಂಥ ಬಂಡೆಯೊಂದು ಆಕಾಶದಲ್ಲಿ ನಿಲ್ಲುತ್ತದೆ. ಗೊತ್ತುಮಾಡಿದ ದಿನದೊಳಗೆ ಯಾರು ಜನರ ಒಲವನ್ನು ಎಲ್ಲರಿಗಿಂತ ಹೆಚ್ಚು ಗಳಿಸುತ್ತಾರೋ ಸಿಂಹಾಸನ ಅವರದು. ಕುಲ ಯಾವುದು ಅಂತ ಕೇಳುವಂತಿಲ್ಲ, ಯಾರ ಮಗ ಅಂತ ಕೇಳುವಂತಿಲ್ಲ. ಯಾರು ಮುಂದಿದ್ದಾರೆ ಅನ್ನುವುದು ಆ ಬಂಡೆಯ ಮೇಲೇ ಎಲ್ಲರಿಗೂ ಕಾಣುತ್ತದೆ.

— ಓಟು ಹಾಕುವುದು ಹೇಗೆ?

— ಹಾಕುವುದೇ ಇಲ್ಲ. ಮಂತ್ರವೇ ಜನರ ಮನಸ್ಸನ್ನು ಓದುತ್ತದೆ. ಚೀಟಿಯಿಲ್ಲ, ಪೆಟ್ಟಿಗೆಯಿಲ್ಲ.

— ನನಗೆ ಅದು ಹೆದರಿಕೆ ಹುಟ್ಟಿಸುವ ಮಾತು ಕಣೆ. ಮನಸ್ಸಿನಲ್ಲಿ ಇರುವುದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವ ಹಕ್ಕಿಗಾಗಿ ಜನ ಎಷ್ಟು ಹೋರಾಡಿದ್ದಾರೆ! ಇಂಗ್ಲೆಂಡಿನಂಥ ದೇಶಕ್ಕೂ ಗುಪ್ತ ಮತದಾನ ಬಂದದ್ದು 1872ರಲ್ಲಿ. ಅದಕ್ಕೆ ಮೊದಲು ಗೇಣಿದಾರ ತನ್ನ ಧಣಿಗೆ ಕೇಳಿಸುವಂತೆ ಓಟು ಯಾರಿಗೆ ಅಂತ ಬಾಯಿಬಿಟ್ಟು ಹೇಳಬೇಕಿತ್ತು.

— ಇಲ್ಲಿ ಯಾರ ಒಲವು ಯಾರ ಕಡೆ ಅನ್ನುವುದು ಹೊರಬೀಳುವುದಿಲ್ಲ, ಒಟ್ಟಾರೆ ಮುಂದಿರುವವರು ಯಾರು ಅನ್ನುವುದಷ್ಟೇ. ಆದರೂ ನಿಮ್ಮ ಹೆದರಿಕೆ ಸರಿ. ಯೋಚನೆ ಮಾಡಿ ಹಾಕುವ ಓಟು ಬೇರೆ, ಮನಸ್ಸು ತಾನಾಗಿ ವಾಲುವುದು ಬೇರೆ. ಹೆದರಿದ ಮನಸ್ಸು ಯಾರ ಕಡೆ ವಾಲುತ್ತದೆ? ಈ ಆಟ ಇಡೀ ಆ ಪ್ರಶ್ನೆಯ ಮೇಲೇ ನಿಂತಿದೆ ಅಂತ ನನಗೆ ಅನ್ನಿಸಿದೆ.

— ಎಲ್ಲಿಯವರೆಗೆ ಆಡಿದ್ದೀಯೆ?

— ರಾಜಧಾನಿ ಗ್ರ್ಯಾಂಡ್ ಟ್ರಾಡ್ ದಾಟಿ, ಮಾರ್ಟಿರಾ ಅನ್ನುವ ಊರಿಗೆ ಬಂದಿದ್ದೇನೆ. ಆಟ ತುಂಬ ಉದ್ದ. ನಾನು ಇನ್ನೂ ಹೊಸ್ತಿಲಲ್ಲೇ ಇದ್ದೇನೆ. ಈಗ ಹೇಳುತ್ತಿರುವುದೆಲ್ಲ ಮೊದಲ ನೋಟದ ಮಾತು ಅಂತಲೇ ಕೇಳಿ.

— ಆ ಮೊದಲ ನೋಟದಲ್ಲಿ ನಿನ್ನನ್ನು ಹಿಡಿದು ನಿಲ್ಲಿಸಿದ್ದು ಯಾವುದು?

— ರಾಜ ಸತ್ತಿರುವುದು. ಸುಮ್ಮನೆ ಹೇಳುತ್ತಿಲ್ಲ, ಈ ಬಗೆಯ ಆಟಗಳ ಹಿಂದುಮುಂದು ಗೊತ್ತಿದ್ದರೆ ಅದರ ತೂಕ ತಿಳಿಯುತ್ತದೆ. ಜಪಾನಿನ ರೋಲ್ ಪ್ಲೇಯಿಂಗ್ ಆಟ ಅಂದರೆ ಎಲ್ಲರೂ ಮೊದಲು ನೆನೆಯುವುದು ‘ಡ್ರ್ಯಾಗನ್ ಕ್ವೆಸ್ಟ್’. 1986ರ ಮೇ 27ಕ್ಕೆ ಬಂತು. ಯೂಜಿ ಹೊರಿಯಿ ಅನ್ನುವವರು ಅಮೆರಿಕದ ‘ಅಲ್ಟಿಮಾ’, ‘ವಿಜರ್ಡ್ರಿ’ ಎಂಬ ಕಂಪ್ಯೂಟರ್ ಆಟಗಳನ್ನು ಆಡಿ ಮೆಚ್ಚಿ, ಅವುಗಳ ಸಿಕ್ಕು ಬಿಡಿಸಿ, ಮನೆಯ ಟಿವಿಗೆ ಜೋಡಿಸುವ ನಿಂಟೆಂಡೊ ಯಂತ್ರದಲ್ಲಿ ಮಕ್ಕಳೂ ಆಡುವ ಹಾಗೆ ಮಾಡಿದರು. ಆ ಆಟ ಎಲ್ಲಿ ಶುರುವಾಗುತ್ತದೆ ಗೊತ್ತೇ? ರಾಜನ ಆಸ್ಥಾನದಲ್ಲಿ. ನೀವು ಸಿಂಹಾಸನದ ಎದುರು ನಿಂತಿರುತ್ತೀರಿ, ರಾಜ ಅಪ್ಪಣೆ ಕೊಡುತ್ತಾನೆ, ನೀವು ಹೊರಡುತ್ತೀರಿ. ಮರುವರ್ಷ ‘ಫೈನಲ್ ಫ್ಯಾಂಟಸಿ’ ಬಂತು. ಅಲ್ಲೂ ರಾಜ ತನ್ನ ಮಗಳನ್ನು ಬಿಡಿಸಿ ತರಲು ಹೇಳುತ್ತಾನೆ. ಬಿಡಿಸಿ ತಂದರೆ ಮುರಿದ ಸೇತುವೆ ಕಟ್ಟಿಸಿಕೊಡುತ್ತಾನೆ. ಆ ಸೇತುವೆ ದಾಟಿದ ಮೇಲೇ ಲೋಕ ತೆರೆದುಕೊಳ್ಳುವುದು. ಆಮೇಲೆ ಎಷ್ಟೋ ಆಟಗಳು ಇದೇ ಹಾದಿ ಹಿಡಿದವು. ಈಗ ನೋಡಿ, ಅಪ್ಪಣೆ ಕೊಡಬೇಕಾದವನೇ ಹೆಣವಾಗಿ ಮಲಗಿದ್ದಾನೆ. ಅವನ ಮುಖ ಆಕಾಶದಿಂದ ಕೆಳಗೆ ನೋಡಿ, ಮುಂದಿನವನನ್ನು ನೀವೇ ಆರಿಸಿ ಅನ್ನುತ್ತಿದೆ. ಈ ಬಗೆಯ ಆಟಗಳನ್ನು ಚಿಕ್ಕಂದಿನಿಂದ ಆಡಿದವಳಿಗೆ ಅಲ್ಲಿ ಮೈ ಜುಮ್ಮೆನ್ನುತ್ತದೆ ಚಿಕ್ಕಮ್ಮ.

— ರಾಮನ ಪಟ್ಟಾಭಿಷೇಕದಿಂದಲೇ ಕಥೆ ಮುಗಿಯಬೇಕು ಅಂತ ಕೇಳಿ ಬೆಳೆದವರಿಗೆ ಇದು ವಿಚಿತ್ರವೇ. ನಿನ್ನ ನಾಯಕ ಯಾರು? ಅವನೂ ಉಮೇದುವಾರನೇ?

— ಆಗುತ್ತಾನೆ, ಆದರೆ ಮೊದಲಿಗೆ ಅವನೊಬ್ಬ ಓಲೆಕಾರ. ಯುವರಾಜನ ಕಡೆಯಿಂದ ಸುದ್ದಿ ಹೊತ್ತು, ಗ್ಯಾಲಿಕಾ ಅನ್ನುವ ಪುಟ್ಟ ಕಿನ್ನರಿಯನ್ನು ಜತೆಗಿಟ್ಟುಕೊಂಡು ರಾಜಧಾನಿಗೆ ಬರುತ್ತಾನೆ. ಎಲ್ಡಾ ಕುಲದ ಹುಡುಗ. ಆ ಲೋಕದಲ್ಲಿ ಒಂದೊಂದು ಕುಲಕ್ಕೂ ಮೈಯಲ್ಲೇ ಗುರುತು ಇದೆ. ಕ್ಲೆಮಾರ್ ಕುಲಕ್ಕೆ ಕೊಂಬು, ರೂಸಾಂತ್ ಕುಲಕ್ಕೆ ಉದ್ದ ಕಿವಿ, ಇಷ್ಕಿಯಾ ಕುಲಕ್ಕೆ ರೆಕ್ಕೆ, ಮುಸ್ತಾರಿಗಳಿಗೆ ಮೂರನೆಯ ಕಣ್ಣು. ಎಲ್ಡಾ ಕುಲಕ್ಕೆ ಇಂಥದೇನೂ ಇಲ್ಲ. ನಮ್ಮ ನಿಮ್ಮ ಹಾಗೆ ಕಾಣುತ್ತಾರೆ, ಎಣಿಕೆಗೆ ಸಿಗುವಷ್ಟೇ ಉಳಿದಿದ್ದಾರೆ, ಆ ರಾಜ್ಯದ ಧರ್ಮಪೀಠ ಅವರನ್ನು ದೂರ ಇಟ್ಟಿದೆ. ಹುಡುಗ ಬೀದಿಗೆ ಕಾಲಿಟ್ಟ ಕೂಡಲೇ ಜನ ಮುಖ ತಿರುಗಿಸುತ್ತಾರೆ. ಆ ಬೀದಿಗಳಲ್ಲಿ ನನ್ನಂತೆ ಕಾಣುವವನು ಅವನೊಬ್ಬನೇ, ಹೇಸಿಗೆಯಿಂದ ನೋಡಿಸಿಕೊಳ್ಳುವವನೂ ಅವನೇ. ಅದನ್ನು ಯಾರೂ ಬಾಯಿಬಿಟ್ಟು ವಿವರಿಸುವುದಿಲ್ಲ. ಆ ನೋಟಗಳ ನಡುವೆ ನಡೆದುಹೋಗುವಾಗ ತಾನಾಗಿ ತಿಳಿಯುತ್ತದೆ.

— ನೋಡಿದೆನಲ್ಲ, ಆ ಬೀದಿಯಲ್ಲಿ ಬಾಲ ಇದ್ದವರು ಮೂಟೆ ಹೊರುತ್ತಿದ್ದರು.

— ಪಾರಿಪಸ್ ಕುಲದವರು. ಪ್ರಾಣಿಯ ಕಿವಿ, ಬಾಲ. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಅವರಿಗೆ. ಕ್ಯಾಥರೀನಾ ಅಂತ ಆ ಕುಲದ ಒಬ್ಬ ಹೆಂಗಸು ಇದ್ದಾಳೆ, ತಲೆಗೆ ಹಣ ಕಟ್ಟಿದ ಅಪರಾಧಿಗಳನ್ನೂ ಮೃಗಗಳನ್ನೂ ಬೇಟೆಯಾಡಿ ಸಂಪಾದಿಸುವವಳು. ತನ್ನ ಜನರ ಹೊಟ್ಟೆಪಾಡಿಗಾಗಿ ತಾನೂ ರಾಜಪದವಿಗೆ ನಿಲ್ಲುತ್ತಾಳೆ. ನನಗೆ ಅವಳನ್ನು ಕಂಡರೆ ತುಂಬ ಇಷ್ಟ.

— ಇದನ್ನು ಮಾಡಿದವರು ಜಪಾನಿನವರು ಅನ್ನುವುದನ್ನು ಮರೆಯಬೇಡ. ಕುಲದ ಮೆಟ್ಟಿಲು ಅಂದ ಕೂಡಲೇ ನಮ್ಮ ಮನಸ್ಸು ನಮ್ಮ ಊರಿಗೇ ಹೋಗುತ್ತದೆ, ಅದು ಸಹಜ. ಆದರೆ ಅವರಲ್ಲೂ ಬುರಾಕು ಜನ ಅಂತ ಇದ್ದಾರೆ. ಚರ್ಮದ ಕೆಲಸ, ಕಸಾಯಿ ಕೆಲಸ ಮಾಡುತ್ತಿದ್ದವರನ್ನು ಊರ ಹೊರಗಿಟ್ಟಿದ್ದರು. ಆ ಅಂತಸ್ತನ್ನು ಸರ್ಕಾರ 1871ರಲ್ಲಿ ಕಾನೂನಿನಿಂದ ತೆಗೆದುಹಾಕಿತು. ಜನರ ಮನಸ್ಸಿನಿಂದ ಹೋಗಲಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಅವರೇ ಸಭೆ ಸೇರಿ ‘ಸುಯಿಹೇಶಾ’ ಅನ್ನುವ ಸಂಘ ಕಟ್ಟಿ, ನಾವೂ ಮನುಷ್ಯರು, ತಲೆಯೆತ್ತಿ ಬಾಳುತ್ತೇವೆ ಅಂತ ಸಾರಿದರು. ಆಟ ಮಾಡಿದವರ ಮನಸ್ಸಿನಲ್ಲಿ ಅದೇ ಇತ್ತು ಅಂತ ನಾನು ಹೇಳಲಾರೆ. ಆದರೆ ಇಂಥ ಬೀದಿಯನ್ನು ಕಲ್ಪಿಸಿಕೊಳ್ಳಲು ಅವರು ಬೇರೆ ದೇಶಕ್ಕೆ ಹೋಗಬೇಕಿರಲಿಲ್ಲ.

— ಈ ಆಟವನ್ನು ನಿರ್ದೇಶಿಸಿದವರು ಕತ್ಸುರ ಹಶಿನೊ. ‘ಪರ್ಸೋನಾ’ ಸರಣಿಯ ಮೂರು, ನಾಲ್ಕು, ಐದನೆಯ ಆಟಗಳು ಅವರವೇ; ಎಲ್ಲವೂ ಈಗಿನ ಜಪಾನಿನ ಶಾಲೆಯ ಹುಡುಗ ಹುಡುಗಿಯರ ಕಥೆ. ಐದನೆಯದು 2016ರಲ್ಲಿ ಬಂದ ಮೇಲೆ ಅದನ್ನೇ ಮುಂದುವರಿಸದೆ, ಅದೇ ಕಂಪನಿಯಲ್ಲಿ ಹೊಸ ತಂಡ ಕಟ್ಟಿ, ಈ ಸಲ ಫ್ಯಾಂಟಸಿ ಮಾಡುತ್ತೇವೆ ಅಂತ ಹೇಳಿಕೊಂಡರು. ಆಟ ಕೈಗೆ ಬರಲು ಎಂಟು ವರ್ಷ ಹಿಡಿಯಿತು. ಆತಂಕವೇ ಇದರ ವಸ್ತು ಅಂತ ಅವರು ಮಾತಾಡಿದ್ದಾರೆ.

— ಆತಂಕ ಅಂದರೆ?

— ಆ ಲೋಕದಲ್ಲಿ ಮಂತ್ರಶಕ್ತಿಗೂ ಮನಸ್ಸಿನ ಕಳವಳಕ್ಕೂ ನಂಟಿದೆ. ನಾಳೆ ಏನಾಗುತ್ತದೋ ಅನ್ನುವ ದಿಗಿಲೇ ಶಕ್ತಿ, ಅದು ಕೈಮೀರಿದರೆ ಅದೇ ಕೇಡು. ನಾಯಕನಿಗೆ ಶಕ್ತಿ ಬರುವ ದೃಶ್ಯವನ್ನು ನೀವು ನೋಡಬೇಕು. ಗಡಿಯ ಕೋಟೆಯ ಮೇಲೆ ದೈತ್ಯವೊಂದು ಎರಗಿದೆ, ಸೈನಿಕರು ಎದುರೇ ಸಾಯುತ್ತಿದ್ದಾರೆ, ಓಡಲು ದಾರಿಯಿಲ್ಲ. ಆಗ ಅವನು ಎದೆಗೆ ಕೈಹಾಕಿ ತನ್ನ ಹೃದಯವನ್ನೇ ಹೊರಗೆ ಎಳೆಯುತ್ತಾನೆ. ಲೋಹದ ಹೃದಯ, ಅದಕ್ಕೊಂದು ಹಿಡಿ. ಅದನ್ನು ಬಾಯ ಹತ್ತಿರ ಹಿಡಿದು, ಮೈಕ್ ಹಿಡಿದವರ ಹಾಗೆ, ಒಳಗಿದ್ದದ್ದನ್ನೆಲ್ಲ ಕೂಗಿ ಹೇಳುತ್ತಾನೆ. ಬೇರೆ ಆಟದಲ್ಲಿ ವೀರನಿಗೆ ಖಡ್ಗ ಸಿಗುತ್ತದೆ; ಇವನಿಗೆ ಸಿಕ್ಕಿದ್ದು ದನಿ. ಆಮೇಲೆ ಚುನಾವಣೆ ಬಂದಾಗ ಆ ಚಿತ್ರ ಎಷ್ಟು ಸರಿಯಾಗಿ ಕೂರುತ್ತದೆ ನೋಡಿ.

— ಎರಗಿದ್ದು ಎಂಥ ದೈತ್ಯ? ನೀನು ತೋರಿಸಿದ ಚಿತ್ರದಲ್ಲಿ ಒಂದು ಮೊಟ್ಟೆ ಕಂಡೆ, ಅದಕ್ಕೆ ಕಾಲಿತ್ತು.

— ಆ ದೈತ್ಯಗಳನ್ನು ಅಲ್ಲಿನ ಜನ ಕರೆಯುವುದು ‘ಮನುಷ್ಯ’ ಅಂತ.

— ಏನಂದೆ?

— ಮನುಷ್ಯ. ಅಲ್ಲಿನವರು ತಮ್ಮನ್ನು ಕುಲದ ಹೆಸರಿನಿಂದ ಕರೆದುಕೊಳ್ಳುತ್ತಾರೆ; ಎಲ್ಲಿಂದಲೋ ಬಂದು ಊರು ತುಳಿದು ಜನರನ್ನು ತಿನ್ನುವ ಆ ವಿಕಾರಗಳಿಗೆ ಮನುಷ್ಯ ಅನ್ನುತ್ತಾರೆ. ಯಾಕೆ ಅಂತ ಆಟ ಇನ್ನೂ ಹೇಳಿಲ್ಲ. ಆ ರೂಪಗಳನ್ನೆಲ್ಲ ಬಾಷ್ ಎಂಬ ಹಳೆಯ ಚಿತ್ರಕಾರನಿಂದ ತೆಗೆದುಕೊಂಡಿದ್ದಾರೆ.

— ಹಿರೋನಿಮಸ್ ಬಾಷ್! ಅದಕ್ಕೇ ಆ ಮೊಟ್ಟೆ ಎಲ್ಲೋ ನೋಡಿದ್ದೇನೆ ಅನ್ನಿಸಿತ್ತು. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ ಮೂರು ಹಲಗೆಯ ಚಿತ್ರ ಅದು, ‘ಭೋಗಗಳ ತೋಟ’. ಎಡಕ್ಕೆ ಸ್ವರ್ಗ, ನಡುವೆ ಹಣ್ಣು ಹಕ್ಕಿಗಳ ನಡುವೆ ಬೆತ್ತಲೆ ಜನಸಾಗರ, ಬಲಕ್ಕೆ ನರಕ. ಆ ನರಕದ ನಟ್ಟನಡುವೆ ಒಬ್ಬನಿದ್ದಾನೆ: ಮೈ ಒಡೆದ ಮೊಟ್ಟೆಯ ಚಿಪ್ಪು, ಕಾಲು ಮರದ ಬೊಡ್ಡೆ, ಮುಖ ಮಾತ್ರ ಮನುಷ್ಯನದು, ಹಿಂದಕ್ಕೆ ತಿರುಗಿ ನಮ್ಮನ್ನೇ ನೋಡುತ್ತಾನೆ. ತರಗತಿಯಲ್ಲಿ ಆ ಚಿತ್ರ ತೋರಿಸಿದಾಗ ಹುಡುಗರು ಗಪ್‌ಚಿಪ್ ಆಗುತ್ತಿದ್ದರು. ರಾಕ್ಷಸನನ್ನು ಬರೆಯುವುದು ಸುಲಭ. ರಾಕ್ಷಸನ ಮೈಯಲ್ಲಿ ದುಃಖದ ಮುಖ ಬರೆಯುವುದು ಬಾಷ್‌ನಿಗೆ ಮಾತ್ರ ಗೊತ್ತಿತ್ತು.

— ಆಟದಲ್ಲೂ ಹಾಗೇ. ಹೊಡೆಯಲು ಕತ್ತಿ ಎತ್ತಿದರೂ ಅದರ ಮುಖ ನೋಡಿ ಕರುಳು ಹಿಂಡುತ್ತದೆ. ಅಂದಹಾಗೆ, ಕೊಲೆಯಾದ ರಾಜನ ಹೆಸರು ಹಿಥ್ಲೊಡೇಯಸ್.

— ಥಾಮಸ್ ಮೋರ್‌ನ ‘ಯುಟೋಪಿಯಾ’ದಲ್ಲಿ ಕಥೆ ಹೇಳುವ ನಾವಿಕ!

— ಹೌದು. ಆಟದಲ್ಲಿ ಮೋರ್ ಅನ್ನುವ ಪಾತ್ರವೂ ಇದೆ. ಅಕಾಡೆಮೇಯಾ ಅನ್ನುವ ಗ್ರಂಥಾಲಯದಂಥ ಜಾಗದಲ್ಲಿ ಕೂತಿರುವ ಬರಹಗಾರ.

— ಒಂದು ನಿಮಿಷ. ‘ಯುಟೋಪಿಯಾ’ ಲೂವೆನ್‌ನಲ್ಲಿ ಅಚ್ಚಾದದ್ದು 1516ರ ಕೊನೆಯಲ್ಲಿ. ಬಾಷ್ ತೀರಿಕೊಂಡದ್ದು ಅದೇ 1516ರ ಆಗಸ್ಟಿನಲ್ಲಿ. ಯುರೋಪಿನ ಅತಿ ದೊಡ್ಡ ನರಕ ಬರೆದವನು ಸತ್ತ ವರ್ಷವೇ ಅತಿ ಹೆಸರಾದ ಕನಸಿನ ದೇಶ ಹುಟ್ಟಿತು. ಆಟ ಮಾಡಿದವರಿಗೆ ಇದು ಗೊತ್ತಿತ್ತೋ ಇಲ್ಲವೋ, ಎರಡನ್ನೂ ಒಂದೇ ಲೋಕದಲ್ಲಿ ತಂದು ಕೂರಿಸಿದ್ದಾರೆ. ಒಂದೇ ಆತಂಕದ ಎರಡು ಮಗ್ಗುಲು ಕಣೆ ಅವು. ಹಳೆಯದೆಲ್ಲ ಕುಸಿಯುತ್ತಿದೆ ಅಂತ ಒಬ್ಬ ನರಕ ಕಂಡ, ಹಾಗಾದರೆ ಹೊಸದು ಹೇಗಿರಬಹುದು ಅಂತ ಇನ್ನೊಬ್ಬ ಕೇಳಿದ. ಮರುವರ್ಷವೇ ಚರ್ಚಿಗೆ ಸವಾಲೆಸೆದು ಲೂಥರ್ ಬಂದ.

— ಈಗ ನಾನು ನಿಜವಾಗಿ ಹೇಳಬೇಕು ಅಂದುಕೊಂಡದ್ದಕ್ಕೆ ಬಂದಿರಿ. ನಮ್ಮ ಹುಡುಗ ತನ್ನ ಚೀಲದಲ್ಲಿ ಒಂದು ಪುಸ್ತಕ ಇಟ್ಟುಕೊಂಡಿದ್ದಾನೆ. ಫ್ಯಾಂಟಸಿ ಕಾದಂಬರಿ. ಹೋದಲ್ಲೆಲ್ಲ ಅದನ್ನು ಬಿಡಿಸಿ ಓದುತ್ತಾನೆ, ಸಂಗಡಿಗರ ಜತೆ ಅದರ ಬಗ್ಗೆ ಮಾತಾಡುತ್ತಾನೆ. ಅದರಲ್ಲಿ ವರ್ಣಿಸಿರುವ ಲೋಕ ಯಾವುದು ಗೊತ್ತೇ? ಆಕಾಶಕ್ಕೆ ಮುಟ್ಟುವ ಕಟ್ಟಡಗಳು, ಮಂತ್ರವೇ ಇಲ್ಲ, ಕುಲಭೇದವಿಲ್ಲ, ಹುಟ್ಟಿನಿಂದ ದೊಡ್ಡವರಿಲ್ಲ, ಆಳುವವರನ್ನು ಜನರೇ ಆರಿಸುತ್ತಾರೆ, ಕಾನೂನಿನ ಮುಂದೆ ಎಲ್ಲರೂ ಒಂದೇ.

— ನಮ್ಮ ಲೋಕ.

— ನಮ್ಮ ಲೋಕ! ಅವರಿಗೆ ಅದು ಆಗದ ಹೋಗದ ಕಟ್ಟುಕಥೆ. ಓದಿದವರಲ್ಲಿ ಕೆಲವರು ಕಣ್ಣರಳಿಸುತ್ತಾರೆ, ಕೆಲವರು ಇಂಥದ್ದು ಎಲ್ಲಾದರೂ ಉಂಟೇ ಅನ್ನುತ್ತಾರೆ. ನಾನು ಕೋಣೆಯಲ್ಲಿ ಕೂತು, ಸಂವಿಧಾನ ಇರುವ ದೇಶದಲ್ಲಿ ಕೂತು, ಅವರ ಆ ಆಸೆಯನ್ನು ಕೇಳುತ್ತಿದ್ದೇನೆ. ಅಷ್ಟು ಸೊಗಸಾಗಿ ನಮ್ಮ ಲೋಕ ಇಲ್ಲ ಅಂತ ನನಗೆ ಗೊತ್ತು. ಅವರಿಗೆ ಗೊತ್ತಿಲ್ಲ. ಗಂಟಲು ಕಟ್ಟಿತು ಚಿಕ್ಕಮ್ಮ. ನಾವು ಎದ್ದು ಕೂತು ಸುಮ್ಮನೆ ಅನುಭವಿಸುವ ಒಂದು ಹಕ್ಕು ಇನ್ನೊಬ್ಬರಿಗೆ ಕಾದಂಬರಿಯಲ್ಲಿ ಮಾತ್ರ ಸಿಗುವ ಸಂಗತಿ.

— ಇನ್ನೊಬ್ಬರಿಗೆ ಯಾಕೆ, ನಮ್ಮ ಲೋಕದಲ್ಲೇ ಹಾಗಿತ್ತು. ಆ ಆಟ ಹುಟ್ಟಿದ ದೇಶವನ್ನೇ ತೆಗೆದುಕೋ. ಜಪಾನಿನಲ್ಲಿ ಗಂಡಸರಿಗೆಲ್ಲ ಓಟಿನ ಹಕ್ಕು ಕೊಟ್ಟ ಕಾನೂನು ಬಂದದ್ದು 1925ರಲ್ಲಿ. ಹೆಂಗಸರು ಸಂಸತ್ತಿಗೆ ಮೊದಲ ಸಲ ಓಟು ಹಾಕಿದ್ದು 1946ರ ಏಪ್ರಿಲ್ 10ರಂದು. ಯುದ್ಧದಲ್ಲಿ ಸುಟ್ಟ ಊರುಗಳು ಇನ್ನೂ ಹಾಗೇ ಇದ್ದವು. ಆ ಒಂದೇ ಚುನಾವಣೆಯಲ್ಲಿ 39 ಹೆಂಗಸರು ಗೆದ್ದರು. ಅದಕ್ಕೆ ಒಂದೇ ವರ್ಷ ಮೊದಲು, ಬಾಂಬಿನಿಂದ ತಪ್ಪಿಸಿಕೊಳ್ಳುತ್ತಿದ್ದ ಟೋಕಿಯೊದ ಒಬ್ಬ ಹೆಂಗಸಿಗೆ ನೀನು ಈ ಮಾತು ಹೇಳಿದ್ದರೆ ಅವಳೂ ಅದನ್ನು ಕಟ್ಟುಕಥೆ ಅನ್ನುತ್ತಿದ್ದಳು. ಆದರೆ ಮೋರ್‌ನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನ ಕನಸಿನ ದೇಶದಲ್ಲಿ ದಿನಕ್ಕೆ ಆರೇ ಗಂಟೆ ಕೆಲಸ, ಬಂಗಾರಕ್ಕೆ ಬೆಲೆಯಿಲ್ಲ, ಅಧಿಕಾರಿಗಳನ್ನು ಮನೆತನಗಳು ಸೇರಿ ಆರಿಸುತ್ತವೆ, ಅಧಿಪತಿಯನ್ನು ಗುಪ್ತ ಮತದಿಂದ ಆರಿಸುತ್ತಾರೆ. ಎಲ್ಲ ಸರಿ. ಅಲ್ಲಿ ಗುಲಾಮರೂ ಇದ್ದಾರೆ. ಮೋರ್ ಅದನ್ನು ಕಾಣದೆ ಬರೆಯಲಿಲ್ಲ, ಕಂಡೇ ಬರೆದ. ಕನಸು ಕಾಣುವವನ ಕನಸಿಗೂ ಅವನ ಕಾಲದ ಗೋಡೆ ಇರುತ್ತದೆ.

— ಆಟಕ್ಕೂ ಆ ಅನುಮಾನ ಇದೆ ಅಂತ ಕಾಣುತ್ತದೆ. ಪುಸ್ತಕದಲ್ಲಿ ಇರುವುದೆಲ್ಲ ನಿಜಕ್ಕೂ ಹಾಗೇ ನಡೆಯುತ್ತದೆಯೇ ಅಂತ ಸಂಗಡಿಗರು ಕೇಳುತ್ತಾರೆ. ಎಲ್ಲರಿಗೂ ಸಮಾನ ಅಂದ ಮೇಲೂ ಬಡವನಿಗೆ ಅದೇ ಸಿಗುತ್ತದೆಯೇ ಅಂತ. ಮುಂದೆ ಈ ಪ್ರಶ್ನೆಯನ್ನು ಎಲ್ಲಿಯವರೆಗೆ ಎಳೆಯುತ್ತಾರೋ ನೋಡಬೇಕು. ಅಲ್ಲಿ ರಾಜನಾಗಲು ಬೇಕಾದ ಐದು ಗುಣ ಅಂತ ಆಟ ಪಟ್ಟಿ ಇಟ್ಟಿದೆ: ಧೈರ್ಯ, ವಿವೇಕ, ಸಹನೆ, ಮಾತುಗಾರಿಕೆ, ಕಲ್ಪನೆ. ಕೊನೆಯದನ್ನು ಕಂಡು ನನಗೆ ಖುಷಿಯಾಯಿತು. ಇರುವುದಕ್ಕಿಂತ ಬೇರೆಯದನ್ನು ಊಹಿಸಿಕೊಳ್ಳಲಾರದವನು ಆಳಲೂ ಬಾರದು ಅನ್ನುವುದು ನನಗೆ ಒಪ್ಪಿಗೆ.

— ನೀನು ಆಡುವಾಗ ಪಕ್ಕದ ಕೋಣೆಗೆ ಒಂದು ಹಾಡು ಕೇಳುತ್ತಿತ್ತು. ಮಂತ್ರಪಠಣದ ಹಾಗಿತ್ತು, ಆದರೆ ತುಂಬ ವೇಗ. ಕಹಳೆ, ಡೋಲು, ವೃಂದಗಾನ, ಅದರ ಮೇಲೆ ಒಬ್ಬನೇ ಉಸಿರು ಬಿಡದೆ ಹೇಳುತ್ತಿದ್ದ.

— ಕಾದಾಟದ ಸಂಗೀತ ಅದು. ಶೋಜಿ ಮೆಗುರೊ ಮಾಡಿದ್ದು. ಹೇಳುತ್ತಿರುವವರು ಕೇಯ್‌ಸುಕೆ ಹೊನ್ರ್ಯೊ, ನಿಜವಾದ ಬೌದ್ಧ ಭಿಕ್ಷು. ಸೂತ್ರ ಪಠಿಸುವ ಅದೇ ಉಸಿರಿನಲ್ಲಿ ಎಸ್ಪೆರಾಂಟೊ ಭಾಷೆಯ ಮಾತುಗಳನ್ನು ಪಠಿಸಿದ್ದಾರೆ. ಕಥೆಯೊಳಗೂ ಅದಕ್ಕೆ ಜಾಗ ಕೊಟ್ಟಿದ್ದಾರೆ: ಹುಡುಗನಿಗೆ ಧೈರ್ಯ ಬರಲಿ ಅಂತ ಗ್ಯಾಲಿಕಾ ಮಂತ್ರ ಹಾಕಿ ಅವನಿಗೆ ಸಂಗೀತ ಕೇಳಿಸುತ್ತಾಳೆ. ನಮಗೆ ಕೇಳುವುದು ಅವನಿಗೆ ಕೇಳುವ ಸಂಗೀತವೇ.

— ಎಸ್ಪೆರಾಂಟೊ! ಜಮೆನ್‌ಹಾಫ್ ಅನ್ನುವ ಕಣ್ಣಿನ ವೈದ್ಯ 1887ರಲ್ಲಿ ಪ್ರಕಟಿಸಿದ ಭಾಷೆ. ಅವನು ಹುಟ್ಟಿದ ಬಿಯಾವಿಸ್ತೊಕ್ ಊರಿನಲ್ಲಿ ಯಹೂದಿಗಳು, ಪೋಲರು, ರಷ್ಯನ್ನರು, ಜರ್ಮನರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಎಲ್ಲರಿಗೂ ಸಮವಾದ, ಯಾರದೂ ಅಲ್ಲದ ಭಾಷೆ ಒಂದಿದ್ದರೆ ಈ ದ್ವೇಷ ಕಡಿಮೆಯಾದೀತು ಅಂತ ಅವನು ಹುಡುಗನಾಗಿದ್ದಾಗಲೇ ಯೋಚಿಸಿದ. ಕುಲಗಳು ಕಚ್ಚಾಡುವ ಕಥೆಗೆ ಆ ಭಾಷೆಯನ್ನೇ ತಂದಿದ್ದಾರೆ, ಅದೂ ಭಿಕ್ಷುವಿನ ಬಾಯಲ್ಲಿ. ಯೋಚನೆ ಮಾಡಿ ಮಾಡಿದ ಕೆಲಸ ಇದು. ನನಗೆ ಗೌರವ ಹುಟ್ಟಿತು.

— ಕಾದಾಟದ ಬಗ್ಗೆ ಕೇಳುವುದಿಲ್ಲವೇ?

— ಹೇಳು, ಬೇಗ ಹೇಳು.

— ಸರದಿಯ ಆಟ. ನಾಲ್ಕು ಜನ ಇದ್ದರೆ ನಾಲ್ಕು ಸರದಿ. ಶತ್ರುವಿಗೆ ಯಾವುದು ತಾಳದೋ, ಬೆಂಕಿಯೋ ಹಿಮವೋ ಗಾಳಿಯೋ, ಅದರಿಂದ ಹೊಡೆದರೆ ಅರ್ಧ ಸರದಿ ಮಾತ್ರ ಖರ್ಚು. ಪೆಟ್ಟು ತಪ್ಪಿದರೆ ಎರಡು ಸರದಿ ಹೋಯಿತು. ಶತ್ರುವಿಗೂ ಇದೇ ಕಾನೂನು. ಇದೇ ಕಂಪನಿಯವರು 2003ರಲ್ಲಿ ತಂದ ‘ಶಿನ್ ಮೆಗಾಮಿ ಟೆನ್ಸೆ’ಯ ಮೂರನೆಯ ಆಟದಿಂದ ಬಂದ ಪದ್ಧತಿ. ಒಂದು ಕ್ಷಣ ಎಚ್ಚರ ತಪ್ಪಿದರೆ ನಾಲ್ಕೂ ಜನ ನೆಲಕ್ಕೆ. ಒಬ್ಬೊಬ್ಬರೂ ಯೋಧ, ಮಾಂತ್ರಿಕ, ವೈದ್ಯ, ವರ್ತಕ ಅಂತ ಬೇರೆ ಬೇರೆ ವೀರರೂಪ ಧರಿಸಬಹುದು. ವರ್ತಕನ ರೂಪದಲ್ಲಿದ್ದರೆ ದುಡ್ಡು ಸುರಿದೇ ಹೊಡೆಯಬೇಕು. ಆ ರೂಪಗಳು ಬೆಳೆಯುವುದು ಊರಿನ ಜನರ ಸ್ನೇಹದಿಂದ. ಬ್ರಿಗಿಟ್ಟಾ ಅನ್ನುವ ಅಂಗಡಿಯವಳ ಕಷ್ಟ ಕೇಳಿದರೆ ವರ್ತಕ ರೂಪ ಬಲಿಯುತ್ತದೆ, ಕ್ಯಾಥರೀನಾಳ ಜತೆ ನಿಂತರೆ ಮಲ್ಲರೂಪ. ಇದರ ಮೇಲೆ ದಿನಗಳ ಲೆಕ್ಕ. ಹಗಲಿಗೊಂದು ಕೆಲಸ, ಸಂಜೆಗೊಂದು ಕೆಲಸ, ಮುಗಿಸಲು ಗಡುವು. ಗುಹೆಗೆ ಇಳಿಯಲೋ, ಗೆಳತಿಯ ಮಾತು ಕೇಳಲೋ, ಪುಸ್ತಕ ಓದಲೋ? ಒಂದನ್ನು ಆರಿಸಿದರೆ ಇನ್ನೊಂದು ಆ ದಿನಕ್ಕೆ ಇಲ್ಲ. ಆತಂಕದ ಕಥೆಯನ್ನು ಬರೀ ಹೇಳದೆ ನಮ್ಮ ಬೆರಳಿಗೂ ಅಂಟಿಸಿದ್ದಾರೆ. ಹಾಗೆ ದಿನ ಎಣಿಸುತ್ತ ಆಡುವಾಗ ಹುಲ್ಕೆನ್‌ಬರ್ಗ್ ಅನ್ನುವ ರಕ್ಷಕಿ ಕಂಡಕಂಡ ವಿಚಿತ್ರ ತಿನಿಸನ್ನೆಲ್ಲ ಆಸೆಪಟ್ಟು ತಿನ್ನುವುದನ್ನು ನೋಡಿದರೆ ಎಷ್ಟು ಹಿತ! ಯುವರಾಜನನ್ನು ಕಾಯಬೇಕಾಗಿದ್ದು ಕಾಯಲಾಗದ ಹೆಂಗಸು ಅವಳು. ಆ ನೋವು ಹೊತ್ತವಳ ನಗು ಬೇರೆಯೇ.

— ಏನೂ ಕೊರತೆ ಕಾಣಲಿಲ್ಲವೇ?

— ಕಂಡಿದೆ. ಮೊದಲ ಕೆಲವು ಗಂಟೆ ಮಾತೇ ಮಾತು, ನಡೆದಾಡಲು ಬಿಡುವುದಿಲ್ಲ. ಮುಖ್ಯ ಕಥೆಯ ಹೊರಗಿನ ಗುಹೆ, ಗೋಪುರಗಳು ಒಂದರಂತೆ ಒಂದು. ಮೆನುವಿನ ಪುಟಗಳನ್ನು ಕೈಯಿಂದ ಬಣ್ಣ ಬಳಿದ ಹಾಗೆ ಮಾಡಿದವರು ಬೀದಿಯ ಗೋಡೆ ಕಲ್ಲುಗಳಿಗೆ ಅಷ್ಟು ಪ್ರೀತಿ ತೋರಿಸಿಲ್ಲ. ಧರ್ಮಪೀಠದ ಹಿರಿಯರನ್ನು ಇಲ್ಲಿಯವರೆಗಂತೂ ಬರೀ ಕೆಟ್ಟವರನ್ನಾಗಿಯೇ ತೋರಿಸಿದ್ದಾರೆ. ಅಷ್ಟು ಜನ ಅಷ್ಟು ಕಾಲ ನಂಬಿದ ಮಠದಲ್ಲಿ ಒಬ್ಬನಾದರೂ ಸಾಚಾ ಮನುಷ್ಯ ಮೊದಲೇ ಕಾಣಬೇಕಿತ್ತು. ಇದು ಬಣ್ಣ, ಕಲ್ಲುಗಳ ಕೊರತೆಗಿಂತ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

— ನನ್ನ ತಕರಾರು ಇನ್ನೂ ಬುಡದ್ದು. ಪುಸ್ತಕದಲ್ಲಿ ರಾಜನಿಲ್ಲದ ಲೋಕ ಓದುತ್ತಾನೆ, ಹೊರಗೆ ರಾಜನಾಗಲು ಓಡುತ್ತಾನೆ. ಇಷ್ಟೆಲ್ಲ ಹೇಳಿ ಕೊನೆಗೆ ಒಬ್ಬ ಒಳ್ಳೆಯ ರಾಜ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅಂದರೆ ಅದು ಹಳೆಯ ಕಥೆಯೇ. ಜನ ಆರಿಸಿದ ರಾಜ ಹೊಸದೂ ಅಲ್ಲ. ಎಂಟನೆಯ ಶತಮಾನದ ಬಂಗಾಳದಲ್ಲಿ ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಕಾಲ ಬಂದಾಗ, ಆ ಮತ್ಸ್ಯನ್ಯಾಯ ತೊಲಗಲಿ ಅಂತ ಪ್ರಜೆಗಳೇ ಗೋಪಾಲನನ್ನು ರಾಜನನ್ನಾಗಿ ಮಾಡಿದರು ಅನ್ನುತ್ತದೆ ಅವನ ಮಗ ಧರ್ಮಪಾಲನ ಖಾಲಿಂಪುರದ ತಾಮ್ರಶಾಸನ. ಆಮೇಲೆ? ಅಪ್ಪನ ನಂತರ ಮಗ, ಮಗನ ನಂತರ ಮೊಮ್ಮಗ. ಹೆದರಿದ ಜನ ಒಂದು ಸಲ ಆರಿಸಿದರು, ಮತ್ತೆ ಆರಿಸುವ ಅವಕಾಶ ಸಿಗಲಿಲ್ಲ.

— ಇದಕ್ಕೆ ನನ್ನ ಬಳಿ ಉತ್ತರ ಇಲ್ಲ, ಆಟದ ಬಳಿ ಇದೆಯೋ ಇಲ್ಲವೋ ಮುಂದೆ ಹೋದರೆ ಗೊತ್ತಾಗುತ್ತದೆ. ಆದರೆ ಆಟಕ್ಕೆ ಈ ಪ್ರಶ್ನೆ ಗೊತ್ತಿದೆ. ಯಾಕೆ ಅಂದರೆ ಬಂಡೆಯ ಮೇಲೆ ಎಲ್ಲರಿಗಿಂತ ಮುಂದೆ ಇರುವ ಹೆಸರು ಲೂಯಿ. ರಾಜನನ್ನು ಕೊಂದವನು ಅವನೇ ಅಂತ ನಮಗೆ ಗೊತ್ತು. ಸೇನಾಪತಿ, ಸುಂದರ, ಯಾರಿಗೂ ತಲೆಬಾಗುವವನಲ್ಲ. ಸುಮ್ಮನೆ ಖಳನಾಯಕ ಆಗಿದ್ದರೆ ನಾನು ಇಷ್ಟು ಹೊತ್ತು ಅವನ ಬಗ್ಗೆ ಯೋಚಿಸುತ್ತಿರಲಿಲ್ಲ. ಅವನು ಕುಲ ನೋಡುವುದಿಲ್ಲ. ಅವನ ಸೈನ್ಯದಲ್ಲಿ ಯಾವ ಕುಲದವನಾದರೂ ಶಕ್ತಿಯಿದ್ದರೆ ಮೇಲೇರಬಹುದು. ಆ ದೈತ್ಯಗಳು ಬಂದಾಗ ಎದುರು ನಿಲ್ಲುವವನು ಅವನು. ಧರ್ಮಪೀಠದವರು ಪ್ರಾರ್ಥನೆ ಮಾಡುತ್ತಾರೆ, ಅವನು ಹೊಡೆಯುತ್ತಾನೆ. ಕೆಳಗಿನ ಮೆಟ್ಟಿಲಿನ ಜನ ಅವನನ್ನು ಯಾಕೆ ಮೆಚ್ಚಬಾರದು ಹೇಳಿ.

— ಶಕ್ತಿಯಿಲ್ಲದವರು ಏನಾಗಬೇಕು?

— ಅಲ್ಲೇ ಇದೆ ಎಲ್ಲ. ಅವನ ಸಮಾನತೆಯಲ್ಲಿ ಬಲಹೀನರಿಗೆ ಜಾಗವಿಲ್ಲ. ಆದರೆ ಹೆದರಿಕೆಯಲ್ಲಿರುವಾಗ ನಾನು ಬಲಹೀನ ಅಂತ ಯಾರೂ ಒಪ್ಪಿಕೊಳ್ಳುವುದಿಲ್ಲ ಚಿಕ್ಕಮ್ಮ, ನನ್ನನ್ನು ಕಾಯುವ ಬಲಶಾಲಿ ಯಾರು ಅಂತ ಮಾತ್ರ ನೋಡುತ್ತಾರೆ. ಮಂತ್ರ ಓದುವುದು ಆ ನೋಟವನ್ನೇ.

— ಹಾಗಾದರೆ ನಿನ್ನ ಹುಡುಗ ಅವನನ್ನು ಹಿಂದೆ ಹಾಕುವುದು ಹೇಗೆ? ಅವನಿಗೆ ಸೈನ್ಯವಿಲ್ಲ, ಮಠವಿಲ್ಲ, ಕುಲವೂ ಇಲ್ಲ.

— ಊರೂರು ತಿರುಗಬೇಕು. ಕಟ್ಟೆ ಹತ್ತಿ ಮಾತಾಡಬೇಕು, ಜನರ ತೊಂದರೆ ಬಿಡಿಸಬೇಕು, ಊರಿಗೆ ಕಾಟ ಕೊಡುವ ಮೃಗ ಕೊಲ್ಲಬೇಕು. ಒಂದೊಂದು ಕೆಲಸಕ್ಕೂ ಬೆರಳೆಣಿಕೆಯ ಜನ ಈ ಕಡೆ ವಾಲುತ್ತಾರೆ. ಈಗ ಇರುವ ಮಾರ್ಟಿರಾದಲ್ಲಿ ಮಕ್ಕಳು ಕಾಣೆಯಾಗುತ್ತಿದ್ದಾರೆ. ಕದ್ದವನು ಹೈಸ್ಮೆ ಅಂತ ಊರೆಲ್ಲ ಹೇಳುತ್ತದೆ. ಯೂಜಿಫ್ ಕುಲದವನು, ಗಿಡ್ಡ ಮೈ, ಬಾವಲಿಯಂಥ ಕಿವಿ, ಮೈ ತುಂಬ ಕೂದಲು, ರಾತ್ರಿ ತಿರುಗುತ್ತಾನೆ. ಅವನ ಮುಖ ನೋಡಿಯೇ ಜನ ತೀರ್ಪು ಕೊಟ್ಟಾಗಿದೆ. ಅವನನ್ನು ಹಿಡಿದು ಕೊಟ್ಟರೆ ಇಡೀ ಊರು ನಮ್ಮ ಕಡೆ.

— ನಿನಗೆ ಏನು ಅನ್ನಿಸುತ್ತದೆ?

— ಅವನು ಅಲ್ಲ. ಅವನ ಮಾತಿನಲ್ಲಿ ಒಬ್ಬ ಹಳೆಯ ಯೋಧನ ಸಂಕೋಚ ಇದೆ, ಮಕ್ಕಳನ್ನು ಕದಿಯುವವನ ದನಿ ಅದಲ್ಲ. ನಿಜವಾದವರು ಯಾರು ಅಂತ ಹುಡುಕಿ ತೋರಿಸಬೇಕು. ಅದಕ್ಕೆ ದಿನ ಹಿಡಿಯುತ್ತದೆ, ಗಡುವು ಹತ್ತಿರ ಇದೆ.

— ಊರಿನ ಸಿಟ್ಟಿಗೆ ವಿರುದ್ಧ ಹೋದರೆ ಬಂಡೆಯ ಮೇಲಿನ ಹೆಸರು ಕೆಳಗಿಳಿಯುವುದಿಲ್ಲವೇ?

— ಇಳಿದರೆ ಇಳಿಯಲಿ. ಇವತ್ತು ಸಂಜೆ ಅವನ ಬೆನ್ನು ಹತ್ತಿ ಹೋಗುತ್ತೇನೆ, ನೀವೂ ಬಂದು ಪಕ್ಕದಲ್ಲಿ ಕೂತುಕೊಳ್ಳಿ.